ಅಮ್ಮನ ಜೊತೆ ಯೂರೋಪ್, 11 ದಿನ: ಯಾವ ಊರು ಬಿಡಲಿ, ಊಟಕ್ಕೆ ಏನು ಮಾಡಲಿ?

ಕೆರೆಏರಿ (ಮೈಸೂರು), ಜನವರಿ 18

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಯೂರೋಪಿಗೆ ಹೋಗಬೇಕು ಅಂತ ಇದ್ದೇನೆ. ನಾವಿಬ್ಬರೇ. ಅಮ್ಮನಿಗೆ 64 ವರ್ಷ. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದರು. ಮೂವತ್ತು ವರ್ಷ ಬೋರ್ಡಿನ ಮೇಲೆ ಯೂರೋಪಿನ ನಕ್ಷೆ ಬರೆದು ರೈನ್, ಡಾನ್ಯೂಬ್, ವೋಲ್ಗಾ ಅಂತ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದವರು. ಅವರ ಪಾಸ್‌ಪೋರ್ಟ್ ಬಂದಿದ್ದೇ ಹೋದ ತಿಂಗಳು.

ನಾನು ಹಾಕಿಕೊಂಡ ಪ್ಲಾನ್ ಇದು: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಕೊನೆಗೆ ವೆನಿಸ್. ಒಟ್ಟು 11 ದಿನ. ಬರೆಯುವಾಗ ಖುಷಿಯಾಗಿತ್ತು, ಈಗ ನೋಡಿದರೆ ಭಯ ಆಗುತ್ತಿದೆ. ಅಮ್ಮನಿಗೆ ಮಂಡಿ ನೋವು. ಸಮತಟ್ಟಾದ ಕಡೆ ಒಂದು ಗಂಟೆ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಊಟದ ಚಿಂತೆ ಬೇರೆ. ಮಾಂಸ, ಮೀನು ಇಲ್ಲ, ಮೊಟ್ಟೆ ಕೂಡ ಇಲ್ಲ. ಹಾಲು, ಮೊಸರು, ಚೀಸ್ ಆಗುತ್ತೆ. ಈರುಳ್ಳಿ ಬೆಳ್ಳುಳ್ಳಿಗೆ ತೊಂದರೆ ಇಲ್ಲ.

ಏನು ನೋಡಬೇಕು ಅಂತ ಕೇಳಿದ್ದಕ್ಕೆ ಅಮ್ಮ ಒಂದೇ ಮಾತು ಹೇಳಿದರು. "ಡಾನ್ಯೂಬ್ ನೀರಲ್ಲಿ ಕೈ ಅದ್ದಬೇಕು ಕಣೇ. ಮಿಕ್ಕಿದ್ದು ನೀನು ಎಲ್ಲಿಗೆ ಕರ್ಕೊಂಡು ಹೋದ್ರೂ ಸರಿ."

ವಯಸ್ಸಾದವರ ಜೊತೆ ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ. ಯಾವುದನ್ನು ಬಿಡಲಿ? ಊಟಕ್ಕೆ ಏನು ಮಾಡಲಿ?

ತುಂಗಾತೀರ (ವಿಯೆನ್ನಾ), ಜನವರಿ 18

ನಾನು ಶಿವಮೊಗ್ಗದವನು, ಏಳು ವರ್ಷದಿಂದ ವಿಯೆನ್ನಾದಲ್ಲಿದ್ದೇನೆ. ಅಪ್ಪ ಅಮ್ಮ ಎರಡು ಸಲ ಬಂದು ಹೋಗಿದ್ದಾರೆ, ಅದರ ಮೇಲೆ ಹೇಳುತ್ತೇನೆ.

ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ವೆನಿಸ್ ಮೂರನ್ನೂ ಬಿಡಿ. ಯೋಚನೆ ಮಾಡಲೇಬೇಡಿ. ಊರು ಬದಲಾಯಿಸುವ ಒಂದೊಂದು ಸಲವೂ ಅರ್ಧ ದಿನ ಹೋಗುತ್ತೆ. ಪ್ಯಾಕ್ ಮಾಡಬೇಕು, ರೂಮ್ ಬಿಡಬೇಕು, ಮಧ್ಯಾಹ್ನ ಎರಡು ಮೂರು ಗಂಟೆವರೆಗೆ ಹೊಸ ರೂಮ್ ಸಿಗೋಲ್ಲ, ಅಷ್ಟು ಹೊತ್ತೂ ಅಮ್ಮ ಸೂಟ್‌ಕೇಸ್ ಪಕ್ಕ ಕಾಯುತ್ತಾ ಕೂತಿರಬೇಕು. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರೂ ಒಂದೇ ರೈಲು ದಾರಿಯಲ್ಲಿವೆ. ಪ್ರಾಗ್‌ನಿಂದ ವಿಯೆನ್ನಾಗೆ ನಾಲ್ಕು ಗಂಟೆ, ಇಲ್ಲಿಂದ ಬುಡಾಪೆಸ್ಟ್‌ಗೆ ಎರಡು ಮುಕ್ಕಾಲು ಗಂಟೆಯೊಳಗೆ. ಏರ್‌ಪೋರ್ಟ್ ಗೋಜಿಲ್ಲ. ಟಿಕೆಟ್ ತೆಗೆಯುವಾಗ ಸೀಟನ್ನೂ ಕಾದಿರಿಸಿ, ಇಲ್ಲದಿದ್ದರೆ ಅಮ್ಮ ನಿಂತುಕೊಂಡು ಬರಬೇಕಾಗಬಹುದು.

ಈಗ ಡಾನ್ಯೂಬ್ ವಿಷಯ. ಇದನ್ನು ಸರಿಯಾಗಿ ಓದಿಕೊಳ್ಳಿ, ತುಂಬಾ ಜನ ಇಲ್ಲೇ ತಪ್ಪು ಮಾಡುತ್ತಾರೆ. ವಿಯೆನ್ನಾದ ಹಳೇ ಪಟ್ಟಣದ ಪಕ್ಕ ಹರಿಯುವುದು ಡಾನ್ಯೂಬ್ ಕಾಲುವೆ, ನದಿ ಅಲ್ಲ. ಕಾಲುವೆ ನೋಡಿ, ಫೋಟೋ ತೆಗೆದುಕೊಂಡು, ಇದೇ ಡಾನ್ಯೂಬ್ ಅಂತ ವಾಪಸ್ ಹೋಗುವವರು ಎಷ್ಟೋ ಜನ. ಪ್ರವಾಹದ ಕಾಟಕ್ಕೆ 1870ರ ದಶಕದಲ್ಲೇ ನದಿಯನ್ನು ತಿದ್ದಿ ನೇರ ಮಾಡಿದರು. ಮತ್ತೆ 1972ರಿಂದ 1988ರವರೆಗೆ ಪಕ್ಕದಲ್ಲಿ ಇನ್ನೊಂದು ಪಾತ್ರ ತೋಡಿ, ಆ ಮಣ್ಣಿನಿಂದಲೇ ಉದ್ದಕ್ಕೆ ಒಂದು ದ್ವೀಪ ಕಟ್ಟಿದರು. ಅದರ ಹೆಸರು ಡೊನಾವ್‌ಇನ್ಸೆಲ್, ಉದ್ದ 21 ಕಿಲೋಮೀಟರ್. ನಡು ಊರಿನ ಸ್ಟೆಫಾನ್ಸ್‌ಪ್ಲಾಟ್ಸ್‌ನಲ್ಲಿ ಯು1 ಮೆಟ್ರೋ ಹತ್ತಿದರೆ ಐದನೇ ನಿಲ್ದಾಣವೇ ಈ ದ್ವೀಪ. ಲಿಫ್ಟ್ ಇದೆ. ಹಡಗು ಓಡಾಡುವ ಕಡೆಯದು ಮುಖ್ಯ ನದಿ, ಇನ್ನೊಂದು ಕಡೆ ತೋಡಿದ ಪಾತ್ರ. ಅಮ್ಮನಿಗೆ ಬೇಕಿರುವುದು ಹಡಗಿನ ಕಡೆಯದು. ಅಲ್ಲಿ ದಡಕ್ಕೆ ಕಲ್ಲು ಹಾಕಿದ್ದಾರೆ, ನೀವು ಕೈ ಹಿಡಿದುಕೊಂಡೇ ಇರಿ.

ಇನ್ನೂ ಒಂದು ಇದೆ. ವಿಯೆನ್ನಾದಿಂದ ಬ್ರಾಟಿಸ್ಲಾವಾಗೆ ಬೇಸಿಗೆಯಲ್ಲಿ ದೋಣಿ ಹೋಗುತ್ತೆ, ಸುಮಾರು 75 ನಿಮಿಷ. ಬರುವಾಗ ರೈಲಿನಲ್ಲಿ ಒಂದು ಗಂಟೆ. ಡಾನ್ಯೂಬ್ ದಂಡೆಯ ನಾಲ್ಕು ರಾಜಧಾನಿಗಳು ಯಾವುವು ಅಂತ ಅಮ್ಮ ಮಕ್ಕಳಿಗೆ ಕೇಳಿರುತ್ತಾರೆ, ಅಲ್ವಾ? ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್. ಅದರಲ್ಲಿ ಮೂರು ಈ ಒಂದೇ ಪ್ರವಾಸದಲ್ಲಿ ಆಗುತ್ತೆ.

ವಿಯೆನ್ನಾ ನೋಡಲು ನಡೆಯಲೇಬೇಕು ಅಂತಿಲ್ಲ. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಕೋಟೆ ಗೋಡೆ ಕೆಡವಲು ಆಜ್ಞೆ ಮಾಡಿದ ಮೇಲೆ ಆ ಜಾಗದಲ್ಲಿ ಬಂದಿದ್ದೇ ರಿಂಗ್ ರಸ್ತೆ. ಟ್ರಾಮ್ 1 ಮತ್ತು 2ರಲ್ಲಿ ಕಿಟಕಿ ಪಕ್ಕ ಕೂತರೆ ಒಪೆರಾ, ಮ್ಯೂಸಿಯಂ, ಪಾರ್ಲಿಮೆಂಟ್, ಪುರಭವನ ಎಲ್ಲಾ ಒಂದೊಂದಾಗಿ ಬರುತ್ತೆ. ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಅದು ಬೇಡ. ಉತ್ತರ ಗೋಪುರಕ್ಕೆ ಲಿಫ್ಟ್ ಇದೆ. ಸುಸ್ತಾದರೆ ಹಳೇ ಕಾಫಿ ಮನೆಗೆ ಹೋಗಿ ಮೆಲಾಂಜ್ ಕೇಳಿ, ನಮ್ಮ ಹಾಲು ಕಾಫಿಗೆ ಹತ್ತಿರ. ಜೊತೆಗೆ ಒಂದು ಲೋಟ ನೀರು ತಂದಿಡುತ್ತಾರೆ. ಎರಡು ಗಂಟೆ ಕೂತರೂ ಯಾರೂ ಎದ್ದೇಳಿ ಅನ್ನೋಲ್ಲ. ನಲ್ಲಿ ನೀರನ್ನೇ ಕುಡಿಯಬಹುದು, 1873ರಿಂದ ಆಲ್ಪ್ಸ್ ಬೆಟ್ಟದ ಊಟೆ ನೀರು ಬರುತ್ತಿದೆ. ಖಾಲಿ ಬಾಟಲಿ ಜೊತೆಗಿರಲಿ.

ಭಾನುವಾರ ಇಲ್ಲಿ ಅಂಗಡಿ ಮುಚ್ಚಿರುತ್ತೆ. ಹಾಲು, ಮೊಸರು, ಬ್ರೆಡ್ ಶನಿವಾರವೇ ತಂದಿಟ್ಟುಕೊಳ್ಳಿ. ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿ ತೆಗೆದಿರುತ್ತೆ.

ಒಗ್ಗರಣೆಸೌಟು (ಹಾಸನ), ಜನವರಿ 19

ನಾನು ಹೋದ ಸೆಪ್ಟೆಂಬರ್‌ನಲ್ಲಿ ಅತ್ತೆಯವರ ಜೊತೆ ಪ್ರಾಗ್ ಮತ್ತು ವಿಯೆನ್ನಾಗೆ ಹೋಗಿದ್ದೆ. ಅವರೂ ಮೊಟ್ಟೆ ಮುಟ್ಟೋಲ್ಲ. ಊಟದ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕಂದರೆ ಮೊದಲ ಎರಡು ದಿನ ನಾವು ಪಟ್ಟ ಪಾಡು ನಿಮಗೆ ಬೇಡ.

ಪ್ರಾಗ್‌ನಲ್ಲಿ ಮೊದಲ ದಿನವೇ ಒಂದು ಹೋಟೆಲಿನಲ್ಲಿ ಬೆಳ್ಳುಳ್ಳಿ ಸಾರು ಅಂತ ಬರೆದಿತ್ತು, ಚೆಸ್ನೆಚ್ಕಾ ಅಂತಾರೆ. ಚಳಿಗೆ ಚೆನ್ನಾಗಿರುತ್ತೆ ಅಂತ ತರಿಸಿದೆವು. ಎರಡು ಚಮಚ ಕುಡಿದ ಮೇಲೆ ತಳದಲ್ಲಿ ಮಾಂಸದ ಚೂರು ಸಿಕ್ಕಿತು. ಅತ್ತೆ ಏನೂ ಅನ್ನಲಿಲ್ಲ, ಎದ್ದು ಬಾಯಿ ತೊಳೆದುಕೊಂಡು ಬಂದರು. ಆ ರಾತ್ರಿ ಊಟ ಮಾಡಲಿಲ್ಲ. ನನಗೆ ಈಗಲೂ ಅದು ಮನಸ್ಸಿನಲ್ಲಿ ಚುಚ್ಚುತ್ತೆ. ಅಲ್ಲಿ ಸಾರು ಅಂದರೆ ಹೆಚ್ಚಾಗಿ ಮಾಂಸ ಬೇಯಿಸಿದ ನೀರಿನಲ್ಲೇ ಮಾಡಿರುತ್ತಾರೆ, ಮೇಲೆ ತರಕಾರಿ ತೇಲುತ್ತಿದ್ದರೂ. ಕೇಳದೆ ಸಾರು ತರಿಸಲೇಬೇಡಿ.

ಮೊಟ್ಟೆ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಅಲರ್ಜಿ ಇರುವವರಿಗಾಗಿ ಮೆನುವಿನಲ್ಲಿ ತಿಂಡಿ ಹೆಸರಿನ ಪಕ್ಕ ಸಣ್ಣದಾಗಿ ಗುರುತು ಹಾಕಿರುತ್ತಾರೆ. ಆಸ್ಟ್ರಿಯಾದಲ್ಲಿ ಅಕ್ಷರ, ಸಿ ಅಂದರೆ ಮೊಟ್ಟೆ, ಜಿ ಅಂದರೆ ಹಾಲು. ಚೆಕ್ ದೇಶದಲ್ಲಿ ಅಂಕಿ, 3 ಅಂದರೆ ಮೊಟ್ಟೆ, 7 ಅಂದರೆ ಹಾಲು. ಇದು ಗೊತ್ತಾದ ಮೇಲೆ ಅತ್ತೆಯೇ ಕನ್ನಡಕ ಹಾಕಿಕೊಂಡು "ಇದರಲ್ಲಿ 3 ಇದೆ, ಬೇಡ" ಅನ್ನುತ್ತಿದ್ದರು. ಆದರೆ ಈ ಗುರುತು ಮಾಂಸದ ನೀರನ್ನು ಹೇಳೋಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು. ಜರ್ಮನ್‌ನಲ್ಲಿ "ಓನೆ ಫ್ಲೈಶ್, ಓನೆ ಐ" ಅಂದರೆ ಮಾಂಸ ಬೇಡ, ಮೊಟ್ಟೆ ಬೇಡ. ಚೆಕ್‌ನಲ್ಲಿ "ಬೆಜ್ ಮಸಾ, ಬೆಜ್ ವಯೆಟ್ಸ್". ಒಂದು ಚೀಟಿಯಲ್ಲಿ ಅವರ ಲಿಪಿಯಲ್ಲೇ ಬರೆಸಿಟ್ಟುಕೊಂಡು ತೋರಿಸಿ.

ಪ್ರಾಗ್‌ನಲ್ಲಿ ಸಸ್ಯಾಹಾರಿ ಅಂತ ಎಲ್ಲರೂ ಕೊಡುವುದು ಕರಿದ ಚೀಸ್. ಅದರ ಹೊರಪದರಕ್ಕೆ ಮೊಟ್ಟೆ ಹಚ್ಚಿರುತ್ತಾರೆ. ಆಲೂಗಡ್ಡೆ ದೋಸೆ ಥರ ಬ್ರಂಬೊರಾಕ್ ಅಂತ ಇದೆ, ನೋಡಿದರೆ ಆಸೆಯಾಗುತ್ತೆ, ಅದರಲ್ಲೂ ಮೊಟ್ಟೆ ಇರುತ್ತೆ. ನಮಗೆ ಕೈ ಹಿಡಿದದ್ದು ಹಳೇ ಪಟ್ಟಣದ ಟಿನ್ ಚರ್ಚ್ ಹಿಂದಿನ ಸಸ್ಯಾಹಾರಿ ಹೋಟೆಲ್‌ಗಳು. ಬೇಯಾಸ್ ಅನ್ನುವ ಕಡೆ ಅನ್ನ, ಬೇಳೆ, ಪಲ್ಯ ನಾವೇ ಬಡಿಸಿಕೊಳ್ಳಬಹುದು. ರುಚಿ ಉತ್ತರ ಭಾರತದ್ದು, ಆದರೆ ಬಿಸಿ ಅನ್ನ ಬಿಸಿ ಅನ್ನವೇ.

ಅಡುಗೆಮನೆ ಇರುವ ರೂಮ್ ತಗೊಳ್ಳಿ, ಎರಡು ಕಾಸು ಜಾಸ್ತಿಯಾದರೂ. ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ ತಿಂದು ಹೊರಟರೆ ಮಧ್ಯಾಹ್ನ ಬ್ರೆಡ್ಡು ಹಣ್ಣು ಸಾಕಾಗುತ್ತೆ, ರಾತ್ರಿ ಅನ್ನ ಮೊಸರು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಒಗ್ಗರಣೆ ಹಾಕಿದ ಅವಲಕ್ಕಿ ತಗೊಂಡು ಹೋಗಿ. ತುಪ್ಪ, ಪೇಡ, ಹಾಲಿನ ಪುಡಿ ಬೇಡ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವ ಹಾಗಿಲ್ಲ. ಹಸಿ ಕರಿಬೇವೂ ಬೇಡ. ಬೆಣ್ಣೆ ಅಲ್ಲೇ ಕೊಳ್ಳಿ, ಅಷ್ಟು ಒಳ್ಳೆ ಬೆಣ್ಣೆ ನಾನು ಎಲ್ಲೂ ತಿಂದಿಲ್ಲ.

ಪಾಸ್‌ಪೋರ್ಟ್‌ಪುಟ (ಬೆಂಗಳೂರು), ಜನವರಿ 19

ವೀಸಾ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಚೆಕ್, ಆಸ್ಟ್ರಿಯಾ, ಹಂಗೇರಿ ಮೂರೂ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾ ಒಪ್ಪುವ ಯೂರೋಪ್ ದೇಶಗಳ ಗುಂಪಿನವು, ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು. ಸಮ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದಲೇ ಹಾಕಬಹುದು, ಈಗಲೇ ಹಾಕಿ. ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಅಮ್ಮನ ಬಿಪಿ, ಶುಗರ್ ಇದ್ದರೆ ವಿಮೆಯವರಿಂದ ಮುಚ್ಚಿಡಬೇಡಿ.

ದುಡ್ಡು ಮೂರು ಥರ. ಆಸ್ಟ್ರಿಯಾದಲ್ಲಿ ಯೂರೋ, ಚೆಕ್‌ನಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್. ಎಟಿಎಂ ಯಂತ್ರ ರೂಪಾಯಿ ಲೆಕ್ಕದಲ್ಲಿ ಕೊಡಲಾ ಅಂತ ಕೇಳುತ್ತೆ, ಬೇಡ ಅನ್ನಿ, ಆ ದೇಶದ ದುಡ್ಡಿನ ಲೆಕ್ಕವನ್ನೇ ಒತ್ತಿ. ಪ್ರಾಗ್‌ನಲ್ಲಿ ಹಣ ಬದಲಿಸುವ ಅಂಗಡಿಯಲ್ಲಿ ಮೋಸ ಹೋದರೆ ಒಂದು ಕಾನೂನು ಇದೆ: 1000 ಯೂರೋವರೆಗಿನ ವ್ಯವಹಾರವನ್ನು 3 ಗಂಟೆಯೊಳಗೆ ರದ್ದು ಮಾಡಬಹುದು. 2019ರಿಂದ ಬಂದಿದೆ. ರಸೀದಿ ಎಸೆಯಬೇಡಿ.

ವಿಮಾನದ ಟಿಕೆಟ್ ಜೊತೆಗೇ ಅಮ್ಮನಿಗೆ ಗಾಲಿಕುರ್ಚಿ ಕೇಳಿಬಿಡಿ.

ಕೆರೆಏರಿ, ಜನವರಿ 20

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಕಾಲುವೆ ವಿಷಯ ಕೇಳಿ "ಅಯ್ಯೋ, ಅದರಲ್ಲಿ ಕೈ ಅದ್ದಿ ಬಂದುಬಿಡ್ತಿದ್ದೆ ನೋಡು" ಅಂದರು. ಮೂರು ಊರು ಬಿಟ್ಟೆ. ಈಗ ಪ್ರಾಗ್ 3 ರಾತ್ರಿ, ವಿಯೆನ್ನಾ 4, ಬುಡಾಪೆಸ್ಟ್ 3. ಆಸ್ಟ್ರಿಯಾ ವೀಸಾಗೆ ಹಾಕುತ್ತೇನೆ.

ಎರಡು ಪ್ರಶ್ನೆ. ಪ್ರಾಗ್‌ನ ಕೋಟೆ ಬೆಟ್ಟದ ಮೇಲಿದೆಯಂತೆ, ಅಮ್ಮನಿಗೆ ಆಗುತ್ತಾ? ಬುಡಾಪೆಸ್ಟ್‌ನಲ್ಲಿ ಯಾರಾದರೂ ಇದ್ದೀರಾ?

ಒಗ್ಗರಣೆಸೌಟು, ಜನವರಿ 20

ಕೋಟೆಗೆ ಕೆಳಗಿನಿಂದ ಹತ್ತಬೇಡಿ. ಟ್ರಾಮ್ 22 ಹಿಡಿದು ಪೊಹೊರ್ಜೆಲೆಟ್ಸ್ ನಿಲ್ದಾಣಕ್ಕೆ ಹೋಗಿ. ಅದು ಕೋಟೆಗಿಂತ ಮೇಲಿದೆ. ಅಲ್ಲಿಂದ ಇಳಿಜಾರಿನಲ್ಲಿ ನಿಧಾನಕ್ಕೆ ಬಂದರೆ ಕೋಟೆ ಬಾಗಿಲು ಸಿಗುತ್ತೆ. ರಸ್ತೆಗೆಲ್ಲಾ ಸಣ್ಣ ಕಲ್ಲು ಹಾಸಿದ್ದಾರೆ, ಚಪ್ಪಲಿ ಆಗೋಲ್ಲ, ದಪ್ಪ ತಳದ ಶೂ ಬೇಕು. ಅತ್ತೆ ಸೀರೆ ಮೇಲೆ ಶೂ ಹಾಕಲ್ಲ ಅಂತಿದ್ದರು, ಒಂದು ದಿನ ಕಳೆದ ಮೇಲೆ ಬಿಚ್ಚಲೇ ಇಲ್ಲ. ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರಕ್ಕೇ ಹೋಗಿ. ಹತ್ತು ಗಂಟೆ ಮೇಲೆ ದಸರಾ ಜನ.

ಸಾಧನಕೇರಿ (ಬುಡಾಪೆಸ್ಟ್), ಜನವರಿ 21

ಅಕ್ಕಾ, ನಾನು ಧಾರವಾಡದವನು, ಇಲ್ಲಿ ಓದುತ್ತಿದ್ದೇನೆ. ಬುಡಾಪೆಸ್ಟ್ ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸುತ್ತೆ ನೋಡಿ. ಇಲ್ಲಿ ನದಿ ಊರ ನಡುವೆಯೇ ಹರಿಯುತ್ತೆ, ಒಂದು ಕಡೆ ಬುಡಾ ಬೆಟ್ಟ, ಇನ್ನೊಂದು ಕಡೆ ಪೆಷ್ಟ್ ಬಯಲು. ಟ್ರಾಮ್ 2 ನದಿ ಪಕ್ಕದಲ್ಲೇ ಓಡುತ್ತೆ, ಪಾರ್ಲಿಮೆಂಟಿನಿಂದ ದೊಡ್ಡ ಮಾರ್ಕೆಟ್ ತನಕ ಅದರಲ್ಲೇ ಕೂತು ಹೋಗಿ. ಪಾರ್ಲಿಮೆಂಟ್ 96 ಮೀಟರ್ ಎತ್ತರ. ಸಂತ ಸ್ಟೀಫನ್ ಬೆಸಿಲಿಕಾನೂ 96. ಹಂಗೇರಿಯವರು ಈ ನಾಡಿಗೆ ಬಂದು ನೆಲೆಸಿದ್ದು ಕ್ರಿ.ಶ. 896ರಲ್ಲಿ ಅಂತ ಲೆಕ್ಕ, ಅದಕ್ಕೆ ಆ ಸಂಖ್ಯೆ. ಪಾರ್ಲಿಮೆಂಟನ್ನು ಒಳಗೆ ಹೋಗಿ ನೋಡುವುದಕ್ಕಿಂತ ಎದುರು ದಡದಿಂದ ನೋಡುವುದೇ ಚೆಂದ. ಮೆಟ್ರೋದಲ್ಲಿ ಬಾತ್ಯಾನಿ ಚೌಕಕ್ಕೆ ಹೋಗಿ, ಕತ್ತಲಾಗುವ ಹೊತ್ತಿಗೆ. ದೀಪ ಹೊತ್ತಿಕೊಂಡ ಮೇಲೆ ನೀರಿನಲ್ಲಿ ಅದರ ನೆರಳು ಬೀಳುವುದನ್ನು ನಾನು ಮೂರು ವರ್ಷದಿಂದ ನೋಡುತ್ತಿದ್ದೇನೆ, ಸಾಕು ಅನ್ನಿಸಿಲ್ಲ.

ಬೆಟ್ಟದ ಮೇಲೆ ಹೋಗಲು ಬಸ್ 16. 1896ರ ಹಳೇ ಮೆಟ್ರೋದಲ್ಲೂ ಒಮ್ಮೆ ಓಡಾಡಿ, ರಸ್ತೆಯ ಕೆಳಗೇ ಇದೆ, ಮೆಟ್ಟಿಲು ಕಡಿಮೆ. ಕಾಗದದ ಟಿಕೆಟ್ ಆದರೆ ಯಂತ್ರಕ್ಕೆ ಹಾಕಿ ಗುರುತು ಒತ್ತಿಸಲೇಬೇಕು, ಕೈಯಲ್ಲಿ ಟಿಕೆಟ್ ಇದ್ದರೂ ಗುರುತು ಇಲ್ಲದಿದ್ದರೆ ದಂಡ. ಸೇಚೆನಿ ಬಿಸಿನೀರಿನ ಕೊಳ 1913ರದು, ಮಂಡಿಗೆ ಹಿತ. ಆದರೆ ಈಜುಡುಗೆ ಕಡ್ಡಾಯ, ಅಮ್ಮನ ಹತ್ತಿರ ಮೊದಲೇ ಮಾತಾಡಿ.

ಊಟಕ್ಕೆ ಲಾಂಗೋಶ್. ತಟ್ಟೆಯಷ್ಟು ಅಗಲದ ದಪ್ಪ ಪೂರಿ ಅಂದುಕೊಳ್ಳಿ. ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ತುರಿದ ಚೀಸ್. ಎಣ್ಣೆಯಲ್ಲಿ ಕರಿದದ್ದಾ ಅಂತ ಕೇಳಿ, ಕೆಲವರು ಹಂದಿ ಕೊಬ್ಬು ಬಳಸುತ್ತಾರೆ. ಫೋಜೆಲೇಕ್ ಅಂತ ತರಕಾರಿ ಗೊಜ್ಜಿನಂಥದ್ದು ಸಿಗುತ್ತೆ, ಕುಂಬಳಕಾಯಿಯದು ಚೆನ್ನಾಗಿರುತ್ತೆ. ಮೇಲೆ ಮಾಂಸ, ಮೊಟ್ಟೆ ಇಡಬೇಡಿ ಅನ್ನಿ: "ಹೂಶ್ ನೇಲ್ಕುಲ್, ತೊಯಾಶ್ ನೇಲ್ಕುಲ್". ಪೂರ್ತಿ ನಂಬಿಕೆಯಿಂದ ತಿನ್ನಬೇಕು ಅಂದರೆ ಪಾರ್ಲಿಮೆಂಟಿಗೆ ಹತ್ತಿರದಲ್ಲೇ ಗೋವಿಂದ ಅನ್ನುವ ಸಸ್ಯಾಹಾರಿ ಹೋಟೆಲ್ ಇದೆ.

ಕೆರೆಏರಿ, ಜೂನ್ 7

ಹೋಗಿ ಬಂದೆವು. ಬರೆಯುವುದು ತಡವಾಯಿತು, ಕ್ಷಮಿಸಿ.

ಪ್ರಾಗ್‌ನಲ್ಲಿ ಹಳೇ ಪಟ್ಟಣದ ಒಂದು ಅಂಗಡಿಯಲ್ಲಿ 100 ಯೂರೋ ಬದಲಿಸಿದೆ. ರೂಮಿಗೆ ಬಂದು ಲೆಕ್ಕ ಹಾಕಿದರೆ ಸಿಗಬೇಕಾದ್ದಕ್ಕಿಂತ ತುಂಬಾ ಕಡಿಮೆ. ಮೂರು ಗಂಟೆ ನಿಯಮ ನೆನಪಾಗಿ ರಸೀದಿ ಹಿಡಿದು ವಾಪಸ್ ಓಡಿದೆ. ಮೊದಲು ಆಗೋಲ್ಲ ಅಂದರು. ಅಮ್ಮ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಗಡಿಯಾರ ತೋರಿಸಿದರು, ಕನ್ನಡದಲ್ಲೇ "ಇನ್ನೂ ಒಂದೂವರೆ ಗಂಟೆ ಇದೆ, ನಾವು ಇಲ್ಲೇ ಇರ್ತೀವಿ" ಅಂದರು. ಪೂರ್ತಿ ದುಡ್ಡು ಕೊಟ್ಟರು. ಪಾಸ್‌ಪೋರ್ಟ್‌ಪುಟ ಅವರೇ, ನಿಮಗೆ ಅಮ್ಮನಿಂದ ಆಶೀರ್ವಾದ.

ವಿಯೆನ್ನಾದಲ್ಲಿ ಅರಮನೆಗೆ ಹೋದ ದಿನ ಜನವೋ ಜನ, ಅಮ್ಮನಿಗೆ ಏನೂ ಹತ್ತಲಿಲ್ಲ. ಆದರೆ ಕಲಾ ಮ್ಯೂಸಿಯಂನಲ್ಲಿ ಬ್ರೂಗೆಲ್ ಬರೆದ ಬೇಬೆಲ್ ಗೋಪುರದ ಚಿತ್ರದ ಮುಂದೆ ಮುಕ್ಕಾಲು ಗಂಟೆ ಕೂತರು. ಗೋಪುರ ಕಟ್ಟುವ ಕೂಲಿಗಳು, ಕಲ್ಲು ಎತ್ತುವ ರಾಟೆ, ಕೆಳಗಿನ ಹಡಗು ಒಂದೊಂದೇ ತೋರಿಸಿ ನನಗೆ ಪಾಠ ಮಾಡಿದರು.

ದ್ವೀಪಕ್ಕೆ ಸಂಜೆ ಹೋದೆವು. ತುಂಗಾತೀರ ಅವರು ಹೇಳಿದ ಹಾಗೆ ಹಡಗಿನ ಕಡೆಗೆ. ಕಲ್ಲಿನ ಮೇಲೆ ಕೂತು ನಿಧಾನಕ್ಕೆ ಜಾರಿ ಮುಂದೆ ಹೋಗಿ ಅಮ್ಮ ಬಲಗೈ ಅದ್ದಿದರು. ತುಂಬಾ ತಣ್ಣಗಿತ್ತು. "ಕಪ್ಪು ಕಾಡಿಂದ ಕಪ್ಪು ಸಮುದ್ರಕ್ಕೆ" ಅಂತ ಎರಡು ಸಲ ಹೇಳಿಕೊಂಡರು, ನದಿ ಹರಿಯುವ ದಾರಿಯನ್ನು ಹಾಗೇ ಅವರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದದ್ದು. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳಲೇ ಇಲ್ಲ, ಹಾಗೇ ಒಣಗಲು ಬಿಟ್ಟರು.

ಬುಡಾಪೆಸ್ಟ್‌ನಲ್ಲಿ ಪಾರ್ಲಿಮೆಂಟಿನ ಹತ್ತಿರ ನದಿ ದಂಡೆಯಲ್ಲಿ 60 ಜೊತೆ ಕಬ್ಬಿಣದ ಶೂಗಳಿವೆ. 1944-45ರಲ್ಲಿ ಯಹೂದಿಗಳನ್ನು ಅಲ್ಲಿಗೆ ತಂದು, ಶೂ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸಿದರಂತೆ. ಅದರಲ್ಲಿ ಒಂದು ಮಗುವಿನ ಶೂ ಕೂಡ ಇದೆ. ಅಮ್ಮ ಎರಡನೇ ಮಹಾಯುದ್ಧದ ಪಾಠ ಎಷ್ಟು ಸಲ ಮಾಡಿದ್ದರೋ. ಅಲ್ಲಿ ಮಾತ್ರ ಏನೂ ಹೇಳಲಿಲ್ಲ. ಆ ದಿನ ದೋಣಿ ಹತ್ತೋಣ ಅಂತಿದ್ದೆವು, ಅಮ್ಮ ಬೇಡ ಅಂದರು. ರೂಮಿಗೆ ಬಂದು ಅನ್ನ ಮಾಡಿ ಉಂಡೆವು.

ಊಟದಲ್ಲಿ ನಾವು ಯೋಚಿಸಿಯೇ ಇರದ ಒಂದು ಸಿಕ್ಕಿತು, ಗಸಗಸೆ! ಮೂರು ದೇಶದಲ್ಲೂ ಬೇಕರಿ ತುಂಬಾ ಗಸಗಸೆ ಹೂರಣದ ತಿಂಡಿಗಳು. ನಮ್ಮ ಹಾಗೆ ಬಿಳಿ ಅಲ್ಲ, ಕಪ್ಪು ನೀಲಿ ಬಣ್ಣ. ಅಮ್ಮ ವಾಸನೆಯಲ್ಲೇ ಕಂಡುಹಿಡಿದರು. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನವುಗಳಲ್ಲಿ ಹೆಚ್ಚಾಗಿ ಮೊಟ್ಟೆ ಇತ್ತು. ತೆಳು ಹಾಳೆಯಂಥ ಹಿಟ್ಟಿನ ಸ್ಟ್ರೂಡೆಲ್‌ನಲ್ಲಿ ಸಿ ಅಕ್ಷರ ಇಲ್ಲದ್ದು ವಿಯೆನ್ನಾದ ಒಂದು ಸಣ್ಣ ಬೇಕರಿಯಲ್ಲಿ ಸಿಕ್ಕಿತು, ನಾಲ್ಕೂ ದಿನ ಅಲ್ಲಿಗೇ ಹೋದೆವು. ಒಂದು ಕಿಲೋ ಗಸಗಸೆ ತರಬೇಕು ಅಂತ ಅಮ್ಮನಿಗೆ ಆಸೆ. ನಮ್ಮ ವಿಮಾನ ದುಬೈ ಮೇಲೆ. ಅಲ್ಲಿ ಗಸಗಸೆ ನಿಷೇಧ, ಸಿಕ್ಕಿಬಿದ್ದರೆ ಜೈಲಿಗೂ ಹಾಕುತ್ತಾರೆ. ತರಲಿಲ್ಲ. ನೀವು ಯಾರಾದರೂ ಆ ದಾರಿಯಲ್ಲಿ ಓಡಾಡುವವರಾದರೆ ಹೋಗುವಾಗಲೂ ಬರುವಾಗಲೂ ಬ್ಯಾಗಿನಲ್ಲಿ ಗಸಗಸೆ ಇಡಬೇಡಿ, ಮಸಾಲೆ ಡಬ್ಬಿಯಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ.

ತುಂಗಾತೀರ, ಜೂನ್ 7

ಓದಿ ತುಂಬಾ ಸಂತೋಷವಾಯಿತು. ಆ ಹೂರಣ ಮನೆಯಲ್ಲೇ ಆಗುತ್ತೆ. ಗಸಗಸೆಯನ್ನು ಒಣಗಿದ್ದಾಗಲೇ ಪುಡಿ ಮಾಡಿ, ಹಾಲು ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಕುದಿಸಬೇಕು. ಕೊನೆಗೆ ನಿಂಬೆ ಸಿಪ್ಪೆ ತುರಿದು ಹಾಕುತ್ತಾರೆ. ಬಿಳಿ ಗಸಗಸೆಯಲ್ಲಿ ಪ್ರಯತ್ನಿಸಿ.

ಕೆರೆಏರಿ, ಜೂನ್ 15

ದೇವರಾಜ ಮಾರ್ಕೆಟ್‌ನಿಂದ ಕಾಲು ಕಿಲೋ ತಂದು ಅಮ್ಮ ಅದೇ ಹೂರಣ ಮಾಡಿ, ಕಣಕದಲ್ಲಿಟ್ಟು ಹೋಳಿಗೆ ತಟ್ಟಿದರು. ಎರಡು ಹರಿದವು, ಉಳಿದದ್ದು ಚೆನ್ನಾಗಿ ಬಂತು. ನಿಂಬೆ ಸಿಪ್ಪೆಯ ಬಿಳಿ ಭಾಗವೂ ಸೇರಿ ಸ್ವಲ್ಪ ಕಹಿಯಾಯಿತು. ಹಸಿರು ಮಾತ್ರ ತುರಿಯಬೇಕಂತೆ.